ಮಾತಾಡಿದವರಿಗೆ ತತ್ತಿ

ಅಡುಗೆ ಸಹಾಯಕಿ ಹನುಮವ್ವ ಅಂಗನವಾಡಿಯ ಮೂಲೆಯಲ್ಲಿ ಕೂತು ತುಟಿ ಬಿಚ್ಚದೆ ಅಕ್ಕಿಯಲ್ಲಿನ ಹರಳು ಆರಿಸುತ್ತಿದ್ದಳು. ಗೋಡೆಯ ಪೆಟ್ಟಿಗೆಯ ಹಸಿರು ದೀಪ ಹತ್ತಿದ ಮೇಲೆ ಒಳಗೆ ದೊಡ್ಡವರು ಮಾತಾಡುವಂತಿಲ್ಲ. ಪೆಟ್ಟಿಗೆ ಮಕ್ಕಳ ಮಾತು ಎಣಿಸುತ್ತದೆ. ಎಣಿಕೆಗೆ ತಕ್ಕಷ್ಟು ಅಕ್ಕಿ, ಬೇಳೆ, ತತ್ತಿಯನ್ನು ಸರ್ಕಾರ ಕಳಿಸುತ್ತದೆ. ನಡುವೆ ದೊಡ್ಡವರ ದನಿ ಬಿದ್ದರೆ ಅಂದಿನ ಎಣಿಕೆಯೆಲ್ಲ ರದ್ದು.

ಹುಡುಗರು ಗದ್ದಲ ಹಾಕುತ್ತಿದ್ದರು. ಅವಳ ಮಗಳು ಕೆಂಚಿ ಮಾತ್ರ ಸುಮ್ಮನೆ ಕೂತಿದ್ದಳು.

ಟೀಚರ್ ಶಿವಲೀಲಾ ಕೈಸನ್ನೆ ಮಾಡಿ ಹನುಮವ್ವನನ್ನು ಹೊರಗೆ ಬೇವಿನ ಮರದ ಕೆಳಗೆ ಕರೆದಳು. ಅಲ್ಲಿ ಇಬ್ಬರು ತಾಯಂದಿರು ಸೆರಗು ಸಿಕ್ಕಿಸಿಕೊಂಡು ಕಾಯುತ್ತಿದ್ದರು.

“ನಾಕು ವರ್ಷ ತುಂಬಿದ್ರೂ ನಿನ್ನ ಕೂಸು ಬಾಯಿ ಬಿಡವಲ್ದು,” ಎಂದಳು ಒಬ್ಬಳು. “ನಮ್ಮ ಹುಡುಗರು ಗಂಟಲಾ ಹರಕೊಂಡು ಗಳಿಸಿದ್ದನ್ನ ಅದು ಕುಂತು ತಿಂತೈತಿ.”

“ತಾಯಿ ಬಾಯಾಗ ಮಾತಿದ್ರ ಅಲ್ಲೇನು, ಕೂಸು ಕಲಿಯೂದು?” ಇನ್ನೊಬ್ಬಳು ನಕ್ಕಳು.

“ಇವತ್ತ ಹೆಸರು ತಗೀತೀನಿ, ಹನುಮವ್ವಾ. ನಾಳಿಂದ ಮನ್ಯಾಗ ಬಿಟ್ಟು ಬಾ,” ಎಂದು ಟೀಚರ್ ಒಳಗೆ ಹೋಗಿ ಹಾಜರಿ ಪುಸ್ತಕ ತೆರೆದಳು.

ಮನೆಯಲ್ಲಿ ಕೆಂಚಿಯನ್ನು ನೋಡಿಕೊಳ್ಳುವವರು ಯಾರೂ ಇರಲಿಲ್ಲ. ಹನುಮವ್ವ ಹಿಂದೆಯೇ ಹೋಗಿ ಪೆಟ್ಟಿಗೆಯ ಕೆಳಗೆ ನಿಂತಳು. ಟೀಚರ್ ತುಟಿಗೆ ಬೆರಳಿಟ್ಟು ಕಣ್ಣು ಕೆಕ್ಕರಿಸಿದಳು.

“ಅಕ್ಕಾರ, ನನ್ನ ಮಗಳ ಹೆಸರು ಹೊಡದ ಹಾಕಬ್ಯಾಡ್ರಿ.”

ಹಸಿರು ದೀಪ ಆರಿತು. ಬಾಗಿಲವರೆಗೆ ಬಂದಿದ್ದ ತಾಯಂದಿರು ಹಲ್ಲು ಕಡಿದರು. ಇನ್ನು ಅಂದು ಯಾರು ಎಷ್ಟು ಮಾತಾಡಿದರೂ ಕಳೆದುಕೊಳ್ಳುವುದೇನೂ ಇರಲಿಲ್ಲ.

“ಇಲ್ಲೇ ಕುಂದ್ರಲಿ ಬಿಡ್ರಿ,” ಎಂದಳು ಹನುಮವ್ವ.

ಕೆಂಚಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮತ್ತೆ ಹರಳು ಆರಿಸತೊಡಗಿದಳು.