ನಳಿಗೆಯೊಳಗಿನ ಸೀಸ

ನಲವತ್ತು ವರ್ಷ ಬಂದೂಕು ರಿಪೇರಿ ಮಾಡಿ ದಸ್ತಗೀರಸಾಬರ ಕಣ್ಣೂ ಬೆನ್ನೂ ಸೋತಿದ್ದವು. ಮಧ್ಯಾಹ್ನ ಅಂಗಡಿಗೆ ಬಂದ ಕಸ್ತೂರೆವ್ವ, ತಿಂಗಳ ಹಿಂದೆ ತೀರಿಹೋದ ಗಂಡನ ರಿವಾಲ್ವರನ್ನು ಮೇಜಿನ ಮೇಲಿಟ್ಟಳು. ಅವಳ ಮುಖವೂ ದಣಿದಿತ್ತು.

"ಇದನ್ನ ಮಾರೂದೈತ್ರಿ. ಸ್ವಚ್ಛ ಮಾಡಿ ಕೊಡ್ರಿ."

ಒಳಗೆ ಗುಂಡಿಲ್ಲವೆಂದು ಖಾತ್ರಿ ಮಾಡಿಕೊಂಡ ಸಾಬರು, ಎಣ್ಣೆಯಲ್ಲಿ ಅದ್ದಿದ ಹಿತ್ತಾಳೆ ತಂತಿಯ ಬ್ರಷ್ಷನ್ನು ನಳಿಗೆಯೊಳಗೆ ತೂರಿಸಿ ಎಳೆದರು. ಮೇಜಿಗೆ ಹಾಸಿದ್ದ ಬಟ್ಟೆಯ ಮೇಲೆ ಬೂದುಬಣ್ಣದ ಸೀಸದ ಚೂರುಗಳು ಉದುರಿದವು. ಇನ್ನೊಮ್ಮೆ ಎಳೆದರೂ ಅಷ್ಟೇ. ಒಳಗೋಡೆಗೆಲ್ಲ ಸೀಸ ಗಟ್ಟಿಯಾಗಿ ಮೆತ್ತಿಕೊಂಡಿತ್ತು.

"ನಿಮ್ಮ ಯಜಮಾನ್ರು ಭಾಳ ಗುಂಡು ಹಾರಸ್ತಿದ್ರೇನ್ರಿ, ಅಕ್ಕಾರ?"

"ಒಂದ ಸಲಾನೂ ಇಲ್ರಿ. ಊಟಕ್ಕ ಕುಂತಾಗ ತಾಟಿನ ಬಾಜೂಕ ಇಟಗೊಂಡು ನನ್ನ, ನನ್ನ ಮಗಳನ್ನ ಹೆದರಸ್ತಿದ್ರು. ಅಷ್ಟ."

"ಹಂಗಾದ್ರ ಇಷ್ಟು ಸೀಸ ಎಲ್ಲಿಂದ ಬಂತ್ರಿ? ನೂರಕ್ಕ ಕಡಿಮಿ ಇಲ್ಲದಂಗ ಗುಂಡು ಹೊಡದ ನಳಿಗಿ ಇದು. ನಡುವ ಒಮ್ಮೆನೂ ಒರಸಿಲ್ಲ."

ಕಸ್ತೂರೆವ್ವ ಕುರ್ಚಿ ಎಳೆದುಕೊಂಡು ಕೂತಳು.

"ಒರಸಬೇಕಂತ ನನಗ ಗೊತ್ತಿರಲಿಲ್ರಿ."

ಸಾಬರ ಕೈ ಅಲ್ಲೇ ನಿಂತಿತು. "ನೀವಾ?"

"ಅವರು ಊರಾಗ ಇಲ್ಲದಾಗೆಲ್ಲ, ಅವರು ತಂದಿಟ್ಟು ಎಂದೂ ಎಣಿಸದ ಗುಂಡಿನಾಗ ಒಂದಿಷ್ಟು ತಗೊಂಡು ಹಳೇ ಕಲ್ಲಿನ ಖಣಿಗೆ ಹೋಗ್ತಿದ್ನಿ. ಎರಡ ವರ್ಷ ಗುರಿ ಹಿಡಿಯೂದು ಕಲತೆ."

"ಯಾಕ್ರಿ ಅಕ್ಕಾರ?" ಸಾಬರು ಮೆಲ್ಲಗೆ ಕೇಳಿದರು.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ನನ್ನ ಕೈ ನಡುಗೂದು ನಿಂತ ವಾರದಾಗ ಅವರಿಗೆ ಹಾರ್ಟ್ ಅಟ್ಯಾಕ್ ಆತ್ರಿ."