ತಾರೀಕು ಬಿಟ್ಟಿದ್ದ ಬೋರ್ಡು

“ಮಗಳ ಹೆಣ ಊರಿಗೆ ಬರೋಷ್ಟರಲ್ಲಿ ಬೋರ್ಡು ನಿಂತಿರ್ಬೇಕು ಕಣಮ್ಮ,” ಎಂದು ಸಿದ್ದರಾಜು ಮತ್ತೆ ಹೇಳಿದ.

ಸುನಿತಾಳ ಎದುರಿನ ಕಂಪ್ಯೂಟರು ನೀಲಿ ಪರದೆ ತೋರಿಸಿ ಮುಷ್ಕರ ಹೂಡಿತ್ತು. ವಿಂಡೋಸ್ ಏಳುತ್ತಿಲ್ಲ. ಡಿಸೈನುಗಳೆಲ್ಲ ಅದರೊಳಗೇ ಇವೆ. ಮದ್ದೂರು ಬಸ್ ನಿಲ್ದಾಣದ ಎದುರಿನ ಈ ಫ್ಲೆಕ್ಸ್ ಅಂಗಡಿಯನ್ನು ಅವಳೂ ಪುನೀತನೂ ಸೇರಿ ನಡೆಸುತ್ತಿದ್ದರು. ಪುನೀತ ಬೆಳಿಗ್ಗೆಯೇ ಬಂದು ಅಂಗಡಿ ತೆರೆದು, ಅವಳು ಬರುವ ಮೊದಲೇ ಸೋಮನಹಳ್ಳಿಯಲ್ಲಿ ಬ್ಯಾನರು ಕಟ್ಟಲು ಹೋಗಿದ್ದ. ಫೋನು ಎತ್ತುತ್ತಿರಲಿಲ್ಲ. ಏಣಿಯ ಮೇಲಿದ್ದರೆ ಅವನು ಯಾರು ಕರೆದರೂ ಎತ್ತುವವನಲ್ಲ.

“ಪುನೀತನ ಕೈಲಿ ಎಲ್ಲಾ ಮಾಡ್ಸಿವ್ನಿ. ನೀನು ಪ್ರಿಂಟಾಕ್ಬುಟ್ರೆ ಸಾಕು.”

“ಆಯ್ತದೆ ಇರಣ್ಣ. ಈ ಬಾಗ್ಲು ತೆಗೀದಿದ್ರೆ ಪಕ್ಕದ್ಮನೆ ಬಾಗ್ಲೈತೆ.”

ಒಂದೇ ಡಬ್ಬದಲ್ಲಿ ಎರಡು ಸಂಸಾರ. ಒಂದು ವಿಂಡೋಸ್, ಅದು ಕೈಕೊಟ್ಟರೆ ಕಂಪ್ಯೂಟರು ನಡೆಸಲು ಇನ್ನೊಂದು, ಲಿನಕ್ಸ್. ಯಾವ ಮನೆಗೆ ಹೋಗಬೇಕೆಂದು ಕಂಪ್ಯೂಟರು ಹೊಸ್ತಿಲಲ್ಲೇ ಕೇಳುತ್ತದೆ. ಸುನಿತಾ ಅದನ್ನು ಆರಿಸಿ, ಮತ್ತೆ ಹಚ್ಚಿ, ಲಿನಕ್ಸ್ ಒತ್ತಿದಳು.

“ಮಗಳು ಅಂದ್ರಲ್ಲ... ಏನಾಗಿತ್ತಣ್ಣ?”

“ನಾಲೆ,” ಅಂದ ಸಿದ್ದರಾಜು. “ಗಾಡಿ ಜಾರ್ತು. ನೀರು ಜಾಸ್ತಿ ಬುಟ್ಟವ್ರೆ ಈಗ. ನಮ್ಮನೆ ಹೆಣ್ಮಕ್ಳಿಗೆ ಈಜು ಬರಲ್ಲ.”

ಅವನ ಕಣ್ಣುಗಳು ಒಣಗಿದ್ದವು. ಅತ್ತು ಅತ್ತು ಬತ್ತಿರಬೇಕು. ಕೈಯಲ್ಲೊಂದು ಪೊಟ್ಟಣ, ಬಿಸಿ ವಡೆಯ ಎಣ್ಣೆ ಕಾಗದಕ್ಕೆ ಹತ್ತಿತ್ತು. ಸುನಿತಾ ಅದನ್ನೇ ನೋಡುವುದನ್ನು ಕಂಡು, “ರಂಜಿತಂಗೆ ಪ್ರಾಣ, ಇದು ಅಂದ್ರೆ,” ಎಂದ.

ಎಡೆಗೆ, ಅಂದುಕೊಂಡಳು ಸುನಿತಾ. ಸತ್ತ ದಿನವೇ ಯಾರೂ ಎಡೆ ಇಡುವುದಿಲ್ಲ, ಮಣ್ಣಾದ ಮೇಲಿನ ಹಾಲುತುಪ್ಪದ ದಿನದವರೆಗೆ ಕಾಯುತ್ತಾರೆ. ಪಾಪ, ದುಃಖದಲ್ಲಿ ಶಾಸ್ತ್ರ ಮರೆತಿದೆ.

ಲಿನಕ್ಸ್ ಎದ್ದಿತು. ಅಲ್ಲಿಂದಲೇ ವಿಂಡೋಸಿನ ಡಿ ಡ್ರೈವಿನ ಮೇಲೆ ಒತ್ತಿದಳು. ಅದು ಗೊಣಗಿತು: ವಿಂಡೋಸ್ ಅರೆನಿದ್ದೆಯಲ್ಲಿದೆ, ಓದುವುದಕ್ಕಷ್ಟೇ ಬಿಡುತ್ತೇನೆ. ಪುನೀತನದೇ ಕೆಲಸ. ಕಂಪ್ಯೂಟರನ್ನು ಪೂರ್ತಿ ಆರಿಸದೆ ಮಲಗಿಸಿ ಹೋಗುವುದು ಅವನ ಚಾಳಿ.

“ಏನಂತೆ?”

“ನೋಡು, ಮುಟ್ಬೇಡ ಅಂತದೆ.”

“ನಮ್ಮನೆ ಹೆಣ್ಮಕ್ಳಿಗೆ ಯೋಳ್ದಂಗೈತೆ,” ಎಂದು ಸಿದ್ದರಾಜು ನಕ್ಕ. ಆ ನಗು ತನಗೇ ಕೇಳಿಸಿತೇನೋ, ಬಾಯಿ ಮುಚ್ಚಿಕೊಂಡು ಬಸ್ ನಿಲ್ದಾಣದ ಕಡೆ ನೋಡಿದ. “ಮಳವಳ್ಳಿ ಬಸ್ಸು ಬಂತಾ?”

“ಇನ್ನೂ ಇಲ್ಲ. ನೆಂಟ್ರು ಬರ್ಬೇಕಾ?”

“ಹ್ಞೂ.”

ಶ್ರದ್ಧಾಂಜಲಿ ಎಂಬ ಫೋಲ್ಡರಿನಲ್ಲಿ ರಂಜಿತಳ ಫೈಲು ಸಿಕ್ಕಿತು. ಮಾಡಿದ್ದು ಮಂಗಳವಾರ ಎಂದು ತೋರಿಸುತ್ತಿತ್ತು. ಇವತ್ತು ಗುರುವಾರ; ಪುನೀತ ಮಾಡಿದ್ದು ಬೆಳಿಗ್ಗೆಯೇ ಇರಬೇಕು. ಸುನಿತಾ ತಲೆ ಕೆಡಿಸಿಕೊಳ್ಳಲಿಲ್ಲ. ಈ ಎರಡು ಸಂಸಾರಕ್ಕೂ ಗಡಿಯಾರದ ವಿಷಯದಲ್ಲಿ ಮೊದಲಿಂದ ಆಗದು; ಲಿನಕ್ಸಿಗೆ ಹೋಗಿಬಂದಾಗಲೆಲ್ಲ ವಿಂಡೋಸ್ ಐದೂವರೆ ಗಂಟೆ ಹಿಂದೆ ಬೀಳುತ್ತಿತ್ತು. ಅಂಗಡಿಯಲ್ಲಿ ಫೈಲಿನ ತಾರೀಕು ನಂಬುವುದನ್ನೇ ಅವರು ಬಿಟ್ಟಿದ್ದರು.

ಫೈಲನ್ನು ಈಚೆ ಮನೆಗೆ ನಕಲು ಮಾಡಿಕೊಂಡು ತೆರೆದಳು. ಎರಡು ದೀಪಗಳ ನಡುವೆ ಹಲ್ಲು ಬಿಟ್ಟು ನಗುವ ಹುಡುಗಿ. ಕತ್ತಿನ ಸುತ್ತ ಮಾತ್ರ ಬಣ್ಣ ಬಳಿದ ಗುರುತು.

“ಅಲ್ಲೊಂದು ದಾರ ಇತ್ತು,” ಅಂದ ಸಿದ್ದರಾಜು ಹಿಂದಿನಿಂದ. “ನಾನೇ ಅಳಿಸ್ಬುಡು ಅಂದೆ.”

ಹೆಸರಿತ್ತು. ಜನನ ಇತ್ತು. ಮರಣದ ಮುಂದೆ ಖಾಲಿ.

“ಆತುರಗೆಟ್ಟವ್ನು, ತಾರೀಕೇ ಬುಟ್ಬುಟ್ಟವ್ನೆ.”

“ಇವತ್ತಿಂದಾಕು.”

ಅವಳು ಹಾಕಿದಳು. ಪೆನ್‌ಡ್ರೈವಿನಲ್ಲಿ ಒಯ್ದು ಪ್ರಿಂಟಿಂಗ್ ಯಂತ್ರಕ್ಕೆ ಕೊಟ್ಟಳು. ಯಂತ್ರ ಕಿರುಗುಟ್ಟುತ್ತ ಅತ್ತಿಂದಿತ್ತ ಓಡಾಡತೊಡಗಿತು. ಮೊದಲು ದೀಪಗಳು, ಆಮೇಲೆ ಕೂದಲು, ಹಣೆ. ಸಿದ್ದರಾಜು ಹಣೆ ಬರುವವರೆಗೂ ನಿಂತು ನೋಡಿದ.

“ಯಾವುದ್ನೂ ಕೊನೆ ಗಳಿಗೇಗೆ ಬುಡೋನಲ್ಲ ನಾನು,” ಎಂದ. ಆಚೆ ಬಸ್ಸಿನ ಹಾರ್ನು ಕೇಳಿಸಿತು. “ಸುತ್ತಿ ಮಡ್ಗಿರು ತಾಯಿ. ಸಂಜೆ ನಮ್ಮ ಹೈಕ್ಳು ಬಂದು ತಕೊಂಡೋಯ್ತಾವೆ.”

ಅವನು ರಸ್ತೆ ದಾಟುತ್ತಿದ್ದಂತೆ ಫೋನು ಬಡಿದುಕೊಂಡಿತು. ಪುನೀತ.

“ಏಣಿ ಮೇಲಿದ್ದೆ ಕಣಕ್ಕ. ಏನು?”

“ಸಿದ್ದರಾಜಣ್ಣನ ಮಗಳ ಬೋರ್ಡು ಆಕ್ದೆ ಕಣ್ಲಾ. ಬೆಳಿಗ್ಗೆ ಮಾಡೋವಾಗ ಕಣ್ಣು ಎಲ್ಲಿಟ್ಟಿದ್ದೆ? ತಾರೀಕೇ ಇಲ್ಲ.”

“ಬೆಳಿಗ್ಗೆ ಎಲ್ಲಕ್ಕ? ಮಂಗಳವಾರನೇ ಬಂದು ಮಾಡಿಸ್ಕೊಂಡೋದ್ರು. ಮಗಳು ಆಸ್ಪತ್ರೇಲವ್ಳೆ, ಇವತ್ತೋ ನಾಳೆಯೋ, ತಾರೀಕು ಆಮೇಕೆ ಯೋಳ್ತೀನಿ ಅಂದ್ರು. ಪಾಪ, ಓಗ್ಬುಟ್ಟಳಾ?”

ಆಸ್ಪತ್ರೆ. ಸುನಿತಾಳ ಕಿವಿಯಲ್ಲಿ ಇನ್ನೂ ನಾಲೆಯೆಂಬ ಮಾತಿತ್ತು. ಎರಡು ಗಡಿಯಾರಗಳ ಜಗಳ ಐದೂವರೆ ಗಂಟೆಯದು. ಎರಡು ದಿನದ್ದಲ್ಲ.

ಅವಳು ಬಾಗಿಲಿಗೆ ಓಡಿದಳು. ರಸ್ತೆಯಾಚೆ ಸಿದ್ದರಾಜು ಬೈಕನ್ನು ನಾಲೆ ಏರಿಯ ದಾರಿಗೆ ತಿರುಗಿಸಿ ಆಗಿತ್ತು. ಸುನಿತಾ ಕೂಗಿದಳು. ಹಿಂದೆ ಸರಿಯುತ್ತಿದ್ದ ಮಳವಳ್ಳಿ ಬಸ್ಸು ಆ ಕೂಗನ್ನು ನುಂಗಿತು.

ಆ ಬಸ್ಸಿನಿಂದ ಇಳಿದು ಬೈಕಿನ ಹಿಂದೆ ಕೂತು ಬಿಸಿ ವಡೆ ಮುರಿಯುತ್ತಿದ್ದ ಹುಡುಗಿಯ ಕತ್ತಿನಲ್ಲಿ ತಾಳಿಯ ಅರಿಶಿನದ ದಾರವಿತ್ತು. ಆ ದಾರವೊಂದನ್ನು ಬಿಟ್ಟು ಉಳಿದದ್ದೆಲ್ಲ, ಆ ನಗುವೂ ಸೇರಿ, ಸುನಿತಾಳ ಬೆನ್ನ ಹಿಂದೆ ಯಂತ್ರದಿಂದ ಹಸಿಹಸಿಯಾಗಿ ಇಳಿಯುತ್ತಿತ್ತು.