ಐದನೆಯ ಕೊಡ

ಬೆಳಿಗ್ಗೆ ಹಲ್ಲುಜ್ಜುತ್ತಿದ್ದ ಸಾತಪ್ಪ ಇದ್ದಕ್ಕಿದ್ದಂತೆ ಕೈ ನಿಲ್ಲಿಸಿ, "ಮಾಯವ್ವಾ, ನಿಂಗವ್ವನ ಕೊಡದ ಮ್ಯಾಲ ನನ್ನ ಹೆಸರು ಬಿದ್ದೈತಿ" ಎಂದ.

ಸಾತಪ್ಪನಿಗೆ ಇಪ್ಪತ್ತೊಂದು. ಬೆಳಗಾವಿಯ ರವಿವಾರ ಪೇಟೆಯಲ್ಲಿ ಒಂದು ಪಾತ್ರೆ ಅಂಗಡಿಯ ಕಟ್ಟೆ ಮೇಲೆ ಕುಳಿತು, ಉಳಿ ಸುತ್ತಿಗೆ ಹಿಡಿದು, ಪಾತ್ರೆಗಳ ಮೇಲೆ ಚುಕ್ಕೆ ಚುಕ್ಕೆಯಾಗಿ ಹೆಸರು ಕೊರೆಯುವುದು ಅವನ ಕೆಲಸ. ನಿಂಗವ್ವ ಖಾನಾಪುರದವಳು, ಅವನ ತಂಗಿ ಮಾಯವ್ವನ ಜೊತೆ ಹೊಲಿಗೆ ಕ್ಲಾಸಿಗೆ ಬರುತ್ತಿದ್ದವಳು. ಎರಡು ವರ್ಷ ಸಾತಪ್ಪ ದಿನಾ ಅವಳನ್ನು ಬಸ್ ಸ್ಟ್ಯಾಂಡಿನವರೆಗೆ ಕಳಿಸಿ ಬಂದಿದ್ದ. ಹೋದ ವಾರ ಅವಳಪ್ಪ ಅದೇ ಅಂಗಡಿಯಲ್ಲಿ ಐದು ತಾಮ್ರದ ಕೊಡ ಕೊಂಡು, ಎಲ್ಲದರ ಮೇಲೂ 'ನಿಂಗವ್ವ', ಅದರ ಕೆಳಗೆ ಮದುಮಗನ ಹೆಸರು 'ಹಣಮಪ್ಪ' ಎಂದು ಹಾಕಲು ಹೇಳಿದ. ಮದುವೆಯ ಸುದ್ದಿ ಸಾತಪ್ಪನಿಗೆ ತಿಳಿದದ್ದೇ ಹಾಗೆ. ಮೊದಲ ನಾಲ್ಕು ಕೊಡಗಳಿಗೆ ಸುತ್ತಿಗೆ ಎತ್ತುವುದೇ ಕಷ್ಟವಾಗಿತ್ತು. ಐದನೆಯದಕ್ಕೆ ಸಲೀಸಾಗಿ ನಡೆದಿತ್ತು. ಯಾಕೆ ಎಂದು ಈಗ ಹೊಳೆಯಿತು.

"ಬೇಕಂತ ಹಾಕಿದೇನು?" ಎಂದಳು ಮಾಯವ್ವ.

"ಇಲ್ಲ. ಕೈ ಹಾಕೇತಿ."

"ಕೈಗಿ ಬುದ್ಧಿ ಇಲ್ಲ, ನಿನಗರ ಐತೇನು? ಇವತ್ತ ಹನ್ನೆರಡಕ್ಕ ಲಗ್ನದ ಅಕ್ಕಿಕಾಳು. ಹಂದರದಾಗ ಕೊಡಾ ಸಾಲಾಗಿ ಇಡ್ತಾರ. ಬೀಗರು ಓದಿದ್ರ ಆಕಿ ಲಗ್ನ ಅಲ್ಲೇ ಮುರೀತೈತಿ. ಉಳಿ ಸುತ್ತಿಗಿ ತಗೊ. ಬಾಯಿ ತೊಳಕೊ. ನಡಿ."

ಖಾನಾಪುರದ ರೈಲು ದೇಸೂರಿನಲ್ಲಿ ನಿಂತಿತು. ಎಷ್ಟು ಹೊತ್ತು ನಿಂತಿತೆಂದರೆ, ಅಲ್ಲಿ ಇಳಿದ ಮುದುಕನೊಬ್ಬ ಮನೆಗೆ ಹೋಗಿ, ಊಟ ಮಾಡಿ, ಹೆಂಡತಿಯ ಜೊತೆ ಜಗಳವಾಡಿ, ಗಂಟು ಕಟ್ಟಿಕೊಂಡು ಬಂದು ಮತ್ತೆ ಅದೇ ಡಬ್ಬಿ ಹತ್ತಿದ. ಸಾತಪ್ಪ ಕಿಟಕಿಗೆ ಮುಖ ಹಚ್ಚಿ ಕುಳಿತಿದ್ದ. ಎಂಜಿನ್ನಿನ ಹೊಗೆಯ ಮಸಿ ಹತ್ತಿದ ಕೆನ್ನೆಯ ಮೇಲೆ ಎರಡು ಬಿಳಿ ಗೆರೆ ಇಳಿದಿದ್ದವು.

"ಅಳಬ್ಯಾಡೋ ಅಣ್ಣಾ. ಟೀಸಿ ಬಂದ್ರ ಟಿಕೀಟ ಇಲ್ಲಂತ ತಿಳಕೋತಾನ" ಎಂದು ಮಾಯವ್ವ ಚುರುಮುರಿಯ ಪೊಟ್ಟಣ ಚಾಚಿದಳು. ಅವನು ಬೇಡವೆಂದ. ಅವಳು ಅವನ ಪಾಲನ್ನೂ ತಿಂದು, ಸೆರಗಿನಿಂದ ಅವನ ಮುಖ ಒರೆಸಿದಳು.

ಮದುವೆ ಮನೆಯವರೆಲ್ಲ ಬೀಗರನ್ನು ಎದುರುಗೊಳ್ಳಲು ಊರ ಅಗಸಿ ಬಾಗಿಲಿಗೆ ಹೋಗಿದ್ದರು. ಹಂದರ ಖಾಲಿ. ಕೊಡಗಳು ಸಾಲಾಗಿದ್ದವು. ಐದನೆಯದನ್ನು ಮಾಯವ್ವ ತಿರುಗಿಸಿ ನೋಡಿದಳು. ಮೇಲೆ ನಿಂಗವ್ವ, ಕೆಳಗೆ ಸಾತಪ್ಪ. ಅಕ್ಷರಗಳು ಮಾತ್ರ ಉಳಿದ ನಾಲ್ಕಕ್ಕಿಂತ ಚೆಂದವಾಗಿದ್ದವು.

"ಅಳಿಸು."

"ತಾಮ್ರದ ಮ್ಯಾಲ ಕೊರದದ್ದು ಅಳಿಸಾಕ ಬರೂದಿಲ್ಲ. ಹೊಸಾದು ಸೇರಸಾಕ ಅಷ್ಟ ಬರತೈತಿ."

ಮಾಯವ್ವ ಸ್ವಲ್ಪ ಹೊತ್ತು ಕೊಡವನ್ನು ನೋಡಿದಳು, ಅಣ್ಣನನ್ನು ನೋಡಿದಳು. ಆಮೇಲೆ ಕುಳಿತು, ಕೊಡವನ್ನು ತೊಡೆಗಳ ನಡುವೆ ಬಿಗಿಯಾಗಿ ಹಿಡಿದು, "ನಿನ್ನ ಹೆಸರಿನ ಕೆಳಗ 'ಅಣ್ಣನ ಆಯಾರ' ಅಂತ ಹಾಕು. ಲಗ್ನದ ಉಡುಗೊರಿ ಅಂತ ತಿಳಕೋತಾರ" ಎಂದಳು.

ಸಾತಪ್ಪ ಉಳಿ ಕೆಳಗಿಟ್ಟ.

"ಯಾರ ಅಣ್ಣ?"

"ಆಕಿ ಅಣ್ಣ. ಹಾಕು. ಬಾಜಾ ಸಪ್ಪಳ ಹತ್ರ ಬಂತು."

ಅವನು ಉಳಿ ಎತ್ತಿಕೊಂಡ. ಬಾಜಾದ ತಾಳಕ್ಕೆ ಒಂದೊಂದೇ ಚುಕ್ಕೆ ಹೊಡೆದ. ಕೊನೆಯ ಚುಕ್ಕೆಗೂ ಬಾಜಾ ನಿಲ್ಲುವುದಕ್ಕೂ ಸರಿಹೋಗಬೇಕಿತ್ತು. ಬಾಜಾ ಮೊದಲು ನಿಂತಿತು, ಚುಕ್ಕೆ ಆಮೇಲೆ ಬಿತ್ತು. ಮದುಮಗಳ ಸೋದರತ್ತೆ ಸಪ್ಪಳ ಕೇಳಿ ಓಡಿ ಬಂದಳು.

"ಏ, ಯಾರವ್ರ ನೀವು? ಲಗ್ನದ ಕೊಡಾ ಯಾಕ ಕುಟ್ಟಾಕತ್ತೀರಿ?" ಎಂದು ಬೆರಳಿಟ್ಟು ಒಂದೊಂದೇ ಅಕ್ಷರ ಓದಿದಳು. "ಸಾತಪ್ಪ. ಅಣ್ಣನ ಆಯಾರ. ನಮ್ಮ ಹುಡುಗೀಗಿ ಅಣ್ಣ ಎಲ್ಲಿಂದ ಬಂದ?"

"ರವಿವಾರ ಪೇಟಿಯಿಂದ ಬಂದಾನ್ರೀ ಎವ್ವಾ" ಎಂದಳು ಮಾಯವ್ವ. ರೆಪ್ಪೆ ಸಹ ಮಿಟುಕಿಸಲಿಲ್ಲ. "ಅಲ್ಲೆ ಇದು ಪದ್ಧತಿ ಐತ್ರಿ. ಅಣ್ಣ ತಮ್ಮ ಇಲ್ಲದ ಹುಡುಗಿ ಇದ್ರ ಹೆಸರು ಕೊರ್ಯಾಂವನ ಅಣ್ಣ ಆಗಬೇಕು. ಈ ವರ್ಷ ಇಂವಗ ನಲವತ್ತ ತಂಗ್ಯಾರು ಆಗ್ಯಾರ. ನಾಗರ ಪಂಚಮಿ ಬಂತಂದ್ರ ತಂಗ್ಯಾರ್ನ ತವರಿಗಿ ಕರ್ಯಾಕ ನಲವತ್ತ ಊರಿಗಿ ಹೋಗಬೇಕು. ಇಂವನ ಚಪ್ಪಲಿ ನೋಡ್ರಿ."

ಅತ್ತೆ ಚಪ್ಪಲಿ ನೋಡಿದಳು. ಅವು ನಿಜಕ್ಕೂ ಸವೆದಿದ್ದವು. ಅವಳ ಕಣ್ಣಲ್ಲಿ ನೀರು ಬಂತು.

"ದೇವರ ಕಳಿಸ್ಯಾನ ನಿನ್ನ. ಕಿವಿ ಹಿಂಡಾಕ ಯಾರೂ ಇಲ್ಲಂತ ಮುಂಜಾನಿಂದ ಒದ್ದಾಡಾಕತ್ತಿದ್ವಿ!"

ಆ ಮನೆಯಲ್ಲಿ ಹಾಗೊಂದು ಪದ್ಧತಿ. ಅಕ್ಕಿಕಾಳು ಬಿದ್ದ ಮೇಲೆ ಮದುಮಗಳ ಅಣ್ಣ ಮದುಮಗನ ಕಿವಿ ಹಿಂಡಬೇಕು, ನನ್ನ ತಂಗಿಯನ್ನು ಚೆನ್ನಾಗಿ ನೋಡಿಕೋ ಎಂದು. ಮದುಮಗ ರುಮಾಲು ಕೊಟ್ಟ ಕೂಡಲೇ ಬಿಡಬೇಕು.

ಅಕ್ಕಿಕಾಳು ಬಿದ್ದವು. ಸಾತಪ್ಪ ಹಿಂಡಿದ. ಹಣಮಪ್ಪ ನಗುತ್ತ ರುಮಾಲು ಕೊಟ್ಟ. ಸಾತಪ್ಪ ಬಿಡಲಿಲ್ಲ. ಹಣಮಪ್ಪ ನಗುವುದನ್ನು ನಿಲ್ಲಿಸಿ ಕೈಯಲ್ಲಿದ್ದ ತೆಂಗಿನಕಾಯಿಯನ್ನೂ ಕೊಟ್ಟ. ಬಿಡಲಿಲ್ಲ. ಮಾಯವ್ವ ಹಿಂದಿನಿಂದ ಅಂಗಿ ಹಿಡಿದು ಎಳೆದಳು. ಅಂಗಿ ಹರಿಯಿತು, ಕೈ ಸಡಿಲಾಗಲಿಲ್ಲ. ಬಾಜಾದವರು ಬಾಯಿಂದ ಸನಾದಿ ತೆಗೆದು ನೋಡುತ್ತ ನಿಂತರು.

ಬಾಸಿಂಗದ ಹಿಂದಿನಿಂದ ನಿಂಗವ್ವ ಮೆಲ್ಲಗೆ, "ಬಿಡೋ ಅಣ್ಣಾ" ಎಂದಳು.

ಸಾತಪ್ಪ ಬಿಟ್ಟ.

ಹಣಮಪ್ಪ ಕೆಂಪಾದ ಕಿವಿ ಉಜ್ಜಿಕೊಳ್ಳುತ್ತ ಬಾಜುವಿನವನಿಗೆ ಹೇಳಿದ: "ಖಾಸಾ ಅಣ್ಣನ ಇರಬೇಕ ನೋಡ್ರಿ. ಹೊರಗಿನವ್ರು ಇಷ್ಟ ಗಟ್ಟಿ ಹಿಡಿಯೂದಿಲ್ಲ."